ಹಿಂದಿ ಮಾತಾಡಲು ಯಾವ ದಾರಿ ಹಿಡಿಯಬೇಕು? ಕಲಬುರಗಿ ಸೀಮೆಯವರಿಗೆ ಒಂದು ಹೋಲಿಕೆ

"ಮೇಡಂ, ಹಿಂದಿ ಬರಬೇಕಂದ್ರ ಎಷ್ಟ ದಿನ ಹಿಡಿತಾದ್ರಿ?" ಸಂಜೆ ನನ್ನ ಪಡಸಾಲೆಗೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಇದನ್ನೇ. ಒಬ್ಬಳು ನರ್ಸಿಂಗ್ ಮುಗಿಸಿ ಪುಣೆಗೆ ಹೊರಟಿದ್ದಳು. ಒಬ್ಬ ಐಟಿಐ ಮುಗಿಸಿ ರೈಲ್ವೆ ಪರೀಕ್ಷೆಗೆ ಓದುತ್ತಿದ್ದಾನೆ. ಇನ್ನೊಬ್ಬ ಗಂಜಿನಲ್ಲಿ ತೊಗರಿ ಅಡತಿ ಅಂಗಡಿಯ ಲೆಕ್ಕ ಬರೆಯುತ್ತಾನೆ. ಇಂದೋರಿನ ವ್ಯಾಪಾರಿಯ ಫೋನ್ ಬಂದರೆ ಮಾತಾಡದೆ ಮಾಲಕರ ಕೈಗೆ ಕೊಟ್ಟುಬಿಡುತ್ತಿದ್ದ. ಎಷ್ಟು ದಿನ ಎಂದು ನಾನು ಹೇಳುವುದಿಲ್ಲ. "ಯಾರ ಜೋಡಿ ಮಾತಾಡಬೇಕಾಗ್ಯಾದ?" ಎಂದು ತಿರುಗಿ ಕೇಳುತ್ತೇನೆ. ಪುಸ್ತಕ, ಪರೀಕ್ಷೆ, ಆ್ಯಪ್, ಕ್ಲಾಸು, ಓಣಿಯ ಮಾತು ಎಲ್ಲವೂ ಹಿಂದಿ ಕಲಿಸುತ್ತವೆ, ಆದರೆ ಒಂದೊಂದು ಕಲಿಸುವ ಹಿಂದಿ ಒಂದೊಂದು ಬಗೆಯದು. ತಪ್ಪು ದಾರಿ ಹಿಡಿದು ಎರಡು ವರ್ಷ ಕಳೆದುಕೊಂಡವರನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕಿವಿಯೊಳಗೆ ಏನಿದೆ ನೋಡಿ

ಮಂಡ್ಯದವರಿಗೂ ಶಿವಮೊಗ್ಗದವರಿಗೂ ಹೊಂದುವ ಹಿಂದಿ ಪಾಠ ಕಲಬುರಗಿ, ಬೀದರ್, ಯಾದಗಿರಿಯವರಿಗೆ ಪೂರ್ತಿ ಹೊಂದುವುದಿಲ್ಲ. ನಾವು ಸೊನ್ನೆಯಿಂದ ಶುರು ಮಾಡುವವರಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು, ಮುಂದಿನ ಶತಮಾನದಲ್ಲಿ ಬೀದರ್. ದೆಹಲಿಯ ಕಡೆಯಿಂದ ಬಂದ ಸೈನಿಕರು, ಸೂಫಿಗಳು, ವ್ಯಾಪಾರಿಗಳು ತಂದ ಮಾತು ಇಲ್ಲಿಯ ಕನ್ನಡ, ಮರಾಠಿ, ತೆಲುಗಿನ ನಡುವೆ ಬೆಳೆದು ದಖನಿಯಾಯಿತು. ಇವತ್ತಿನ ಪಠ್ಯಪುಸ್ತಕದ ಹಿಂದಿ ಗದ್ಯ ರೂಪುಗೊಂಡದ್ದು 19ನೆಯ ಶತಮಾನದಲ್ಲಿ. ಬೀದರಿನಲ್ಲಿ ದಖನಿ ಕಾವ್ಯ ಬರೆದದ್ದು 15ನೆಯ ಶತಮಾನದಲ್ಲಿ. ಆಮೇಲೆ ನಿಜಾಮರ ಕಾಲ. 1948ರ ಸೆಪ್ಟೆಂಬರ್ 17ರವರೆಗೆ ಈ ನೆಲ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕಚೇರಿಯ ಭಾಷೆ ಉರ್ದು. ಜಮೀನಿನ ಹಳೆಯ ಕಾಗದ ಬಿಚ್ಚಿದರೆ ಇವತ್ತಿಗೂ ಉರ್ದು ಓದುವವರನ್ನು ಹುಡುಕಬೇಕಾಗುತ್ತದೆ.

ಈ ಚರಿತ್ರೆ ನಮ್ಮ ನಾಲಿಗೆಯ ಮೇಲಿದೆ. ದವಾಖಾನಿ, ಖುರ್ಚಿ, ಅರ್ಜಿ, ಜಮೀನು, ಖರ್ಚು, ವಸೂಲಿ, ಹಾಜರಿ, ತಯಾರಿ, ಖಾಲಿ, ಜರಾ, ಪರೇಶಾನ್. ಹೊಸದಾಗಿ ಬಂದವರಿಗೆ ನಾನು ಮೊದಲ ದಿನ ಕೊಡುವ ಕೆಲಸ ಒಂದೇ: ನಿಮ್ಮ ಅವ್ವ ದಿನವಿಡೀ ಆಡುವ ಮಾತಿನಲ್ಲಿ ಹಿಂದಿಯವರಿಗೂ ತಿಳಿಯುವ ಶಬ್ದಗಳನ್ನು ಬರೆದುಕೊಂಡು ಬನ್ನಿ. ನೂರಕ್ಕೆ ಕಡಿಮೆ ಬರೆದು ತಂದವರು ಯಾರೂ ಇಲ್ಲ.

ವಾಕ್ಯದ ಕಟ್ಟೂ ಹತ್ತಿರದ್ದೇ. "ಮನ್ಯಾಗ ಯಾರದಾರ?" ಅನ್ನುವಾಗ 'ಒಳಗೆ' ಎಂಬ ಅರ್ಥ ಮನೆಯ ನಂತರ ಬರುತ್ತದೆ, 'ಘರ್ ಮೇಂ ಕೌನ್ ಹೈ' ಅನ್ನುವಾಗಲೂ ಹಾಗೆಯೇ. ಕ್ರಿಯಾಪದ ಎರಡರಲ್ಲೂ ಕೊನೆಗೆ. 'ನನಗೆ ಹಸಿವಾಗಿದೆ' ಎಂದರೆ 'ಮುಝೇ ಭೂಖ್ ಲಗೀ ಹೈ'. ಹಸಿವು ಎರಡೂ ಕಡೆ ನನಗೆ ಬಂದು ಹತ್ತುತ್ತದೆ. ನಮ್ಮ ಊಟ-ಗೀಟ ಅವರ ಖಾನಾ-ವಾನಾ. ನಮ್ಮ ಮೆಲ್ಲಗೆ ಮೆಲ್ಲಗೆ ಅವರ ಧೀರೇ ಧೀರೇ. ಕನ್ನಡ ದ್ರಾವಿಡ ಕುಟುಂಬದ್ದು, ಹಿಂದಿ ಇಂಡೋ-ಆರ್ಯನ್ ಕುಟುಂಬದ್ದು, ರಕ್ತಸಂಬಂಧವಿಲ್ಲ. ಆದರೂ ಸಾವಿರಾರು ವರ್ಷ ಒಂದೇ ಅಂಗಳದಲ್ಲಿ ಆಡಿ ಬೆಳೆದ ಮಕ್ಕಳ ಹಾಗೆ ನಡಿಗೆ ಒಂದಾಗಿದೆ. ಎಂ. ಬಿ. ಎಮೆನೋ ಎಂಬ ಭಾಷಾವಿಜ್ಞಾನಿ 1956ರಲ್ಲಿ ಭಾರತವನ್ನು ಒಂದು 'ಭಾಷಾ ವಲಯ' ಎಂದು ಕರೆದದ್ದು ಇಂಥ ಹೋಲಿಕೆಗಳನ್ನು ನೋಡಿಯೇ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಮಾತನ್ನು ಅಧ್ಯಯನ ಮಾಡಿ 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ಸಂಶೋಧಕರು ಬರೆದದ್ದನ್ನು ಓದಿದಾಗ ನನಗೆ ನಮ್ಮ ಓಣಿಯೇ ಕಂಡಿತು. ಅಲ್ಲಿಯ ಕನ್ನಡ, ಮರಾಠಿ, ಉರ್ದು ಒಂದೇ ವ್ಯಾಕರಣದ ಅಚ್ಚಿಗೆ ಬಂದಿದ್ದವು. ಶಬ್ದ ಬದಲಿಸಿದರೆ ಭಾಷೆ ಬದಲಾಗುತ್ತಿತ್ತು, ವಾಕ್ಯ ಹಾಗೇ ಉಳಿಯುತ್ತಿತ್ತು.

ಓಣಿಯ ದಖನಿಯಿಂದ ಕಲಿಯುವುದು

ನಾನು ಜೇವರ್ಗಿ ತಾಲೂಕಿನ ಹಳ್ಳಿಯವಳು. ಶಾಲೆಯಲ್ಲಿ ತೃತೀಯ ಭಾಷೆ ಹಿಂದಿ, ನೂರಕ್ಕೆ 91 ಅಂಕ. ಕಾಲೇಜಿಗೆಂದು ಕಲಬುರಗಿಗೆ ಬಂದ ದಿನ ಸ್ಟೇಷನ್ ಹೊರಗೆ ಆಟೋದವನಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಪ್ರಶ್ನೋತ್ತರ ಬಾಯಿಪಾಠ ಇತ್ತು, ಮಾತು ಇರಲಿಲ್ಲ. ನನಗೆ ಮಾತು ಕೊಟ್ಟವರು ನಾವು ಬಾಡಿಗೆಗಿದ್ದ ಮನೆಯ ಪಕ್ಕದ ಖಾಲಾ. ನಳದ ನೀರು ಬರುವ ಹೊತ್ತಿಗೆ ಕೊಡ ಹಿಡಿದು ನಿಂತು ಅವರು ಕೇಳುವರು, ನಾನು ಉತ್ತರಿಸಬೇಕು. ತಪ್ಪಿದರೆ ತಿದ್ದುತ್ತಿರಲಿಲ್ಲ, ಅದನ್ನೇ ಸರಿಯಾಗಿ ತಮ್ಮ ಬಾಯಿಂದ ಇನ್ನೊಮ್ಮೆ ಹೇಳುತ್ತಿದ್ದರು. ನಾಲ್ಕು ತಿಂಗಳಿಗೆ ನಾನು ನಿಲ್ಲದೆ ಮಾತಾಡುತ್ತಿದ್ದೆ.

ದಖನಿ ನಮಗೆ ಇಷ್ಟು ಬೇಗ ಬರಲು ಕಾರಣವಿದೆ. ಅದು ನಮ್ಮ ಮಾತಿನ ಜೊತೆಯಲ್ಲೇ ಬೆಳೆದದ್ದು. "ಬರ್ತೀನಿ ಅಂತ ಹೇಳ್ದ" ಎಂಬುದನ್ನು ಖಾಲಾ "ಆತುಂ ಬೋಲ್ಕೆ ಬೋಲ್ಯಾ" ಅನ್ನುತ್ತಾರೆ. ನಮ್ಮ 'ಅಂತ' ಇರುವ ಜಾಗದಲ್ಲೇ ಅವರ 'ಬೋಲ್ಕೆ'. ಪುಸ್ತಕದ ಹಿಂದಿಯಲ್ಲಿ ಅದೇ ವಾಕ್ಯ "ಉಸನೇ ಕಹಾ ಕಿ ಮೈಂ ಆವೂಂಗಾ" ಎಂದು ಹಿಂದುಮುಂದಾಗುತ್ತದೆ. "ನಾ ತಂದ ಪುಸ್ತಕ" ದಖನಿಯಲ್ಲಿ "ಮೈ ಲಾಯಾ ಸೋ ಕಿತಾಬ್". ನಾವು 'ಇಲ್ಲೇ', 'ಈಗೇ' ಎಂದು ಒತ್ತುವ ಕಡೆ ಅವರು 'ಇದರಿಚ್', 'ಅಬೀಚ್' ಎಂದು ಒತ್ತುತ್ತಾರೆ. ಬಹುವಚನ ಸುಲಭ: ಲೋಗಾಂ, ಬಾತಾಂ, ಕಿತಾಬಾಂ. ಹಿಂದಿ ಕಲಿಯುವವರನ್ನೆಲ್ಲ ಅಳಿಸುವ 'ನೇ' ಪ್ರತ್ಯಯ ಇಲ್ಲಿ ಇಲ್ಲವೇ ಇಲ್ಲ. "ಮೈ ಖಾನಾ ಖಾಯಾ" ಅಂದರೆ ಮುಗಿಯಿತು.

ಈ ದಾರಿಗೆ ದುಡ್ಡು ಬೇಕಿಲ್ಲ, ಭಯ ಬೇಗ ಹೋಗುತ್ತದೆ, ಎದುರಿಗೆ ಮನುಷ್ಯರಿರುತ್ತಾರೆ. ಹೈದರಾಬಾದಿನವರೆಗೆ ಎಲ್ಲೂ ತೊಂದರೆಯಿಲ್ಲ. ಕೊರತೆ ನನಗೆ ಗೊತ್ತಾದದ್ದು ಕೇಂದ್ರ ಸರ್ಕಾರದ ನೌಕರಿ ಸಿಕ್ಕಿ ಮೂರು ತಿಂಗಳ ತರಬೇತಿಗೆ ಭೋಪಾಲಕ್ಕೆ ಹೋದಾಗ. ಊಟದ ಮನೆಯಲ್ಲಿ ಬಡಿಸುವವರಿಗೆ ಬೇಡ ಎನ್ನಲು "ನಕ್ಕೋ" ಎಂದೆ, ಅವರು ಇನ್ನೊಂದು ರೊಟ್ಟಿ ಹಾಕಿದರು. ನಕ್ಕೋ ಮರಾಠಿಯಿಂದ ಬಂದದ್ದು, ಅಲ್ಲಿ 'ನಹೀಂ ಚಾಹಿಯೇ' ಅಥವಾ 'ಬಸ್' ಎನ್ನಬೇಕು. ಎರಡು ವಾರದ ಹಿಂದೆ ಆದದ್ದನ್ನು 'ಪರ್ಸೋಂ' ಎಂದು ಹೇಳಿ ಹಾಜರಿ ಪುಸ್ತಕದಲ್ಲಿ ಗೊಂದಲವಾಯಿತು. ನಮ್ಮ ಕಡೆ ಅದು ಹೋದ ಯಾವುದೋ ದಿನ, ಅಲ್ಲಿ ಮೊನ್ನೆ ಅಥವಾ ನಾಡಿದ್ದು ಮಾತ್ರ. 'ಮೇರೆಕು' (ನನಗೆ), 'ಕೈಕು' (ಯಾಕೆ) ಕೇಳಿ ಜೊತೆಯವರು ನಕ್ಕರು. ಆ ರಾತ್ರಿ ನಾನು ಅತ್ತೆ. ಖಾಲಾ ನನಗೆ ತಪ್ಪು ಭಾಷೆ ಕಲಿಸಿದರು ಎಂದು ಒಂದು ಗಳಿಗೆ ಅನ್ನಿಸಿತ್ತು, ಅದಕ್ಕೆ ಇವತ್ತಿಗೂ ನನಗೆ ನೋವಿದೆ. ದಖನಿ ಹಿಂದಿಯ ಕೆಟ್ಟ ರೂಪವಲ್ಲ, ಅದು ತನ್ನದೇ ವ್ಯಾಕರಣವುಳ್ಳ ಮಾತು. ನಾನು ಬದಲಿಸಬೇಕಾಗಿದ್ದದ್ದು ಇಪ್ಪತ್ತು ಮೂವತ್ತು ಶಬ್ದ, ನಾಲ್ಕೈದು ನಿಯಮ. ಮೂರನೆಯ ವಾರಕ್ಕೆ ಬದಲಿಸಿಯೂ ಆಗಿತ್ತು. ಪುಸ್ತಕ ಮಾತ್ರ ಓದಿ ಬಂದಿದ್ದ ದಕ್ಷಿಣದ ಇನ್ನಿಬ್ಬರು ತರಬೇತಿ ಮುಗಿಯುವವರೆಗೂ ಬಾಯಿ ಬಿಡಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಖಚಿತ. ಮಾತಾಡಲು ಬೇಕಾದ ಹಿಂದಿಯಾದರೆ ಓಣಿಯಿಂದ ಶುರು ಮಾಡಿ, ಪುಸ್ತಕದಿಂದ ತಿದ್ದಿಕೊಳ್ಳಿ. ಇದನ್ನು ಉಲ್ಟಾ ಮಾಡಿದವರು ಬಹಳ ತಡವಾಗಿ ತಲುಪುತ್ತಾರೆ.

ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು

ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ ಗಾಂಧೀಜಿ ಪ್ರೇರಣೆಯಿಂದ 1918ರಲ್ಲಿ ಮದ್ರಾಸಿನಲ್ಲಿ ಶುರುವಾದದ್ದು. ಮೊದಲ ಪ್ರಚಾರಕರಾಗಿ ಅವರು ಕಳಿಸಿದ್ದು ತಮ್ಮ ಮಗ ದೇವದಾಸರನ್ನೇ. 1964ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು. ಕರ್ನಾಟಕದ ಶಾಖೆ ಧಾರವಾಡದಲ್ಲಿದೆ. ಪರಿಚಯ, ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ ಎಂದು ಮೆಟ್ಟಿಲುಗಳಿವೆ. ಪರೀಕ್ಷೆ ವರ್ಷಕ್ಕೆರಡು ಸಲ.

ಇದರ ಬಲ ಶಿಸ್ತು. ದೇವನಾಗರಿ ಅಕ್ಷರ ಕೈಗೆ ಕೂಡುತ್ತದೆ, ಲಿಂಗ ವಚನ ಗಟ್ಟಿಯಾಗುತ್ತದೆ, ಮೇಲಿನ ಮೆಟ್ಟಿಲು ಹತ್ತಿದವರು ಕಬೀರ, ತುಳಸಿ, ಪ್ರೇಮಚಂದರನ್ನು ಮೂಲದಲ್ಲಿ ಓದುತ್ತಾರೆ. ಹಿಂದಿ ಶಿಕ್ಷಕರಾಗುವ ಆಸೆಯಿದ್ದವರಿಗೆ, ಮುಂದೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಆಳಂದ ತಾಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಹಿಂದಿ ಎಂ.ಎ. ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಅಡಿಪಾಯ ನಮ್ಮ ಕಡೆ ಬೇರಿಲ್ಲ.

ಆದರೆ ಇದು ಬರೆಯುವ ಪರೀಕ್ಷೆ. ವಿಶಾರದ ಮುಗಿಸಿ ಪ್ರಮಾಣಪತ್ರವನ್ನು ಚೌಕಟ್ಟಿನಲ್ಲಿ ಹಾಕಿಸಿದ ಹುಡುಗಿಯೊಬ್ಬಳು ನನ್ನ ಹತ್ತಿರ ಬಂದಳು. ಪದ್ಯದ ಭಾವಾರ್ಥ ಬರೆಯಬಲ್ಲಳು, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರಿಗೆ "ನಾಳೆ ಬೆಳಿಗ್ಗೆ ಏನೂ ತಿನ್ನಿಸಬೇಡಿ" ಅನ್ನಲು ಬರಲಿಲ್ಲ. ಆಕೆಯ ತಪ್ಪಲ್ಲ, ಅದನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಎರಡೇ ತಿಂಗಳು ಸಾಕಾಯಿತು, ಏಕೆಂದರೆ ಸರಕೆಲ್ಲ ಒಳಗಿತ್ತು. ಮಕ್ಕಳನ್ನು ಈ ಪರೀಕ್ಷೆಗೆ ಕೂಡಿಸುವ ತಾಯಿ ತಂದೆಯರು ವಾರಕ್ಕೆರಡು ದಿನವಾದರೂ ಹಿಂದಿಯಲ್ಲಿ ಮಾತಾಡಿಸಬೇಕು, ಇಲ್ಲವೇ ಮಾತಾಡಿಸುವವರ ಹತ್ತಿರ ಕಳಿಸಬೇಕು.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಬೇರೆ ಹೊರೆ ಬೇಡ. ರಾಜಭಾಷಾ ವಿಭಾಗದ ಪ್ರಬೋಧ, ಪ್ರವೀಣ, ಪ್ರಾಜ್ಞ ತರಬೇತಿಗಳಿವೆ. ಕಚೇರಿ ಟಿಪ್ಪಣಿ ಬರೆಯುವುದನ್ನು ಅವು ಚೆನ್ನಾಗಿ ಕಲಿಸುತ್ತವೆ, ಸಂತೆಯ ಮಾತನ್ನು ಕಲಿಸುವುದಿಲ್ಲ.

ಪುಸ್ತಕ, ಆ್ಯಪ್, ಫೋನು

ಬಸ್ ನಿಲ್ದಾಣದಲ್ಲಿ ಸಿಗುವ 'ಮೂವತ್ತು ದಿನದಲ್ಲಿ ಹಿಂದಿ' ತರಹದ ಪುಸ್ತಕಗಳನ್ನು ನಾನು ಬೇಡವೆನ್ನುವುದಿಲ್ಲ. ಕನ್ನಡದ ಮೂಲಕವೇ ಹೇಳಿಕೊಡುತ್ತವೆ ಎಂಬುದೇ ಅವುಗಳ ದೊಡ್ಡ ಗುಣ. ಕೊಳ್ಳುವ ಮೊದಲು ಒಂದೇ ಪುಟ ತೆರೆದು ನೋಡಿ: ಹೆಂಗಸಿನ ಬಾಯಲ್ಲಿ ಬರುವ ವಾಕ್ಯಗಳಿವೆಯೇ? 'ಮೈಂ ಜಾತಾ ಹೂಂ' ಒಂದೇ ಇದ್ದು 'ಮೈಂ ಜಾತೀ ಹೂಂ' ಇಲ್ಲದಿದ್ದರೆ ಹೆಣ್ಣುಮಕ್ಕಳು ಆ ಪುಸ್ತಕ ಬಿಡಬೇಕು. ಅದರಿಂದ ಕಲಿತು ಗಂಡಸರ ರೂಪದಲ್ಲಿ ಮಾತಾಡುವ ಹುಡುಗಿಯರನ್ನು ತಿದ್ದಲು ನನಗೆ ಹೊಸಬರಿಗಿಂತ ಹೆಚ್ಚು ದಿನ ಬೇಕಾಗಿದೆ. ಕನ್ನಡ ಲಿಪಿಯಲ್ಲೇ ಹಿಂದಿ ಓದಿ ಮುಗಿಸುವುದೂ ಒಳ್ಳೆಯದಲ್ಲ. ಬೋರ್ಡು, ಔಷಧಿ ಚೀಟಿ, ರೈಲಿನ ಹೆಸರು ಓದಲು ದೇವನಾಗರಿ ಬೇಕು. ಅಕ್ಷರಮಾಲೆಯ ಕ್ರಮ ನಮ್ಮದೇ ಆದ್ದರಿಂದ ಎರಡು ವಾರ ಸಾಕು.

ಆ್ಯಪ್‌ಗಳಲ್ಲಿ ಡ್ಯುಯೊಲಿಂಗೊ ಹೆಸರು ಎಲ್ಲರೂ ಹೇಳುತ್ತಾರೆ. ಅದರ ಹಿಂದಿ ಪಾಠ ಇಂಗ್ಲಿಷಿನ ಮೂಲಕ ಬರುತ್ತದೆ. ಇಂಗ್ಲಿಷ್ ಸರಾಗ ಇರುವವರಿಗೆ ದೇವನಾಗರಿ ಅಭ್ಯಾಸಕ್ಕೆ ಚೆನ್ನಾಗಿದೆ. ಕನ್ನಡ ಮಾಧ್ಯಮದವರಿಗೆ ಮಾತ್ರ, ನೆರೆಮನೆಗೆ ಹೋಗಲು ಊರು ಸುತ್ತಿದ ಹಾಗೆ. ಹಿಂದಿಗೂ ಕನ್ನಡಕ್ಕೂ ಒಂದೇ ಆಗಿರುವ ವಾಕ್ಯಕ್ರಮವನ್ನು ಇಂಗ್ಲಿಷಿಗೆ ಒಯ್ದು ತಿರುಗಿ ತರಬೇಕು. ಕೇಂದ್ರ ಶಿಕ್ಷಣ ಸಚಿವಾಲಯದ ಭಾಷಾ ಸಂಗಮ ಆ್ಯಪ್‌ನಲ್ಲಿ 22 ಭಾಷೆಗಳಲ್ಲಿ ದಿನಬಳಕೆಯ ನೂರು ವಾಕ್ಯಗಳಿವೆ. ನೂರು ವಾಕ್ಯದಿಂದ ಭಾಷೆ ಬರದು, ಆದರೆ ಒಂದೇ ವಾಕ್ಯ ಹಿಂದಿ, ಮರಾಠಿ, ತೆಲುಗು, ಪಂಜಾಬಿಯಲ್ಲಿ ಹೇಗಿದೆ ಎಂದು ಪಕ್ಕಪಕ್ಕ ಕೇಳುವುದು ನನಗೆ ಬಹಳ ಇಷ್ಟ.

ಫೋನಿನ ಅನುವಾದವನ್ನು ಶಬ್ದಕೋಶದಂತೆ ಬಳಸಿ. 'ನಾನು ಹೋಗುತ್ತೇನೆ' ಎಂದು ಕೊಟ್ಟರೆ ಹೇಳುವವರು ಹೆಣ್ಣೋ ಗಂಡೋ ಅದಕ್ಕೆ ತಿಳಿಯದು, ಹೆಚ್ಚಾಗಿ ಗಂಡಸಿನ ರೂಪವನ್ನೇ ಕೊಡುತ್ತದೆ.

ಕೇಳಿ ಕಲಿಯುವುದು, ಕ್ಲಾಸಿಗೆ ಹೋಗುವುದು

ಸಿನಿಮಾ, ಧಾರಾವಾಹಿ ನೋಡಿ ಅರ್ಥವಾಗುತ್ತದೆ ಎನ್ನುವವರು ನಮ್ಮಲ್ಲಿ ಪ್ರತಿ ಮನೆಯಲ್ಲಿದ್ದಾರೆ. ಅರ್ಥವಾಗುವುದು ಬೇರೆ, ಆಡುವುದು ಬೇರೆ. ನೋಡುವುದರಿಂದ ಬಾಯಿ ಬರುವುದು ನಿಲ್ಲಿಸಿ ನಿಲ್ಲಿಸಿ ಅದೇ ಮಾತನ್ನು ಗಟ್ಟಿಯಾಗಿ ಹೇಳಿದಾಗ ಮಾತ್ರ. ನಾನು ರೇಡಿಯೊವನ್ನು ಹೆಚ್ಚು ನಂಬುತ್ತೇನೆ. ಆಕಾಶವಾಣಿಯ ಹಿಂದಿ ವಾರ್ತೆಯ ಉಚ್ಚಾರ ಸ್ವಚ್ಛ. ಬೆಳಿಗ್ಗೆ ಕನ್ನಡ ವಾರ್ತೆ ಕೇಳಿದವರಿಗೆ ಸುದ್ದಿ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಹೊಸ ಶಬ್ದದ ಅರ್ಥ ತಾನಾಗಿ ಹೊಳೆಯುತ್ತದೆ. ವಿವಿಧ ಭಾರತಿಯಲ್ಲಿ ಕೇಳುಗರು ಫೋನ್ ಮಾಡಿ ಮಾತಾಡುವಾಗ ಬಿಹಾರ, ರಾಜಸ್ಥಾನ, ವಿದರ್ಭದ ಹಿಂದಿಗಳೆಲ್ಲ ಕಿವಿಗೆ ಬೀಳುತ್ತವೆ. ಪುಸ್ತಕದ ಹಾಗೆ ಯಾರೂ ಮಾತಾಡುವುದಿಲ್ಲ ಎಂದು ಗೊತ್ತಾಗಿ ಧೈರ್ಯ ಬರುತ್ತದೆ.

ಸ್ಪೋಕನ್ ಹಿಂದಿ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು ಒಂದು ದಿನ ಹೋಗಿ ಕುಳಿತು ನೋಡಿ. ಗಂಟೆಯಲ್ಲಿ ಗುರುಗಳು ಎಷ್ಟು ಮಾತಾಡಿದರು, ಮಕ್ಕಳು ಎಷ್ಟು ಮಾತಾಡಿದರು ಎಂದು ಲೆಕ್ಕ ಹಾಕಿ. ಮಕ್ಕಳ ಪಾಲು ಅರ್ಧಕ್ಕಿಂತ ಕಡಿಮೆ ಇದ್ದರೆ ಆ ದುಡ್ಡು ಉಳಿಸಿ.

ಯಾವ ದಾರಿಯಾದರೂ ಎಡವುವ ಜಾಗಗಳು

ಲಿಂಗದಿಂದ ಶುರು ಮಾಡುತ್ತೇನೆ. ಕನ್ನಡದಲ್ಲಿ ಮನುಷ್ಯರಲ್ಲದ್ದೆಲ್ಲ 'ಅದು'. ಹಿಂದಿಯಲ್ಲಿ ಪ್ರತಿ ವಸ್ತುವೂ ಗಂಡು ಇಲ್ಲವೇ ಹೆಣ್ಣು. ರೋಟಿ ಹೆಣ್ಣು, ಚಾವಲ್ ಗಂಡು, ಕುರ್ಸೀ ಹೆಣ್ಣು, ದರವಾಜ಼ಾ ಗಂಡು. ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಉಳಿಯುವುದಿಲ್ಲ. ಶಬ್ದವನ್ನು ಎಂದೂ ಒಂಟಿಯಾಗಿ ಕಲಿಯಬೇಡಿ: 'ಅಚ್ಛೀ ರೋಟೀ', 'ಬಡಾ ದರವಾಜ಼ಾ' ಎಂದು ಜೋಡಿಯಾಗಿ ಕಲಿಯಿರಿ. ನಾಲಿಗೆಗೆ ಜೋಡಿ ನೆನಪಿರುತ್ತದೆ. ತಪ್ಪಾದರೂ ಅರ್ಥ ಕೆಡುವುದಿಲ್ಲ, ಹಾಗಾಗಿ ಮಾತು ನಿಲ್ಲಿಸಬೇಡಿ.

'ನೇ' ಇನ್ನೊಂದು. ಕರ್ಮವುಳ್ಳ ಕ್ರಿಯೆ ಮುಗಿದುಹೋದಾಗ ಕರ್ತೃವಿಗೆ 'ನೇ' ಹತ್ತುತ್ತದೆ, ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮದ ಹಿಂದೆ ಹೋಗುತ್ತದೆ. 'ರಾಮ್ ನೇ ರೋಟೀ ಖಾಯೀ', 'ಸೀತಾ ನೇ ಆಮ್ ಖಾಯಾ'. ತಿಂದವಳು ಸೀತೆ, ಕ್ರಿಯಾಪದ ಮಾವಿನಹಣ್ಣಿನ ಗಂಡುಲಿಂಗಕ್ಕೆ! ಕನ್ನಡದ ಮನಸ್ಸಿಗೆ ಇದು ಅನ್ಯಾಯವೆನಿಸುತ್ತದೆ. ದಖನಿಯವರು ಇದನ್ನು ಕೈಬಿಟ್ಟಿದ್ದಾರೆ. ಆದರೆ ಉತ್ತರಕ್ಕೆ ಹೋಗುವವರು, ಪರೀಕ್ಷೆ ಬರೆಯುವವರು ಕಲಿಯಲೇಬೇಕು. 'ಲಾನಾ' (ತರುವುದು), 'ಭೂಲನಾ' (ಮರೆಯುವುದು) ಮೊದಲಾದ ಕೆಲವಕ್ಕೆ 'ನೇ' ಇಲ್ಲ ಎಂಬುದನ್ನೂ ಆಗಲೇ ಬರೆದಿಟ್ಟುಕೊಳ್ಳಿ.

ಉಚ್ಚಾರದಲ್ಲಿ ಮಹಾಪ್ರಾಣ ಬಿಡಬೇಡಿ. 'ಭಾಯೀ' ಅಂದರೆ ಅಣ್ಣ ತಮ್ಮ, 'ಬಾಯೀ' ಅಂದರೆ ಹೆಂಗಸು. 'ಸಾತ್' ಏಳು, 'ಸಾಥ್' ಜೊತೆ. ದೇವನಾಗರಿಯಲ್ಲಿ 'ಕಮಲ' ಎಂದು ಬರೆದದ್ದನ್ನು 'ಕಮಲ್' ಎಂದು ಓದಬೇಕು, ಕೊನೆಯ ಅಕಾರ ಬೀಳುತ್ತದೆ. ನಮ್ಮ 'ಳ' ಅಲ್ಲಿಲ್ಲ, ಅಲ್ಲಿಯ 'ಘೋಡಾ'ದೊಳಗಿನ ಹೊರಳುವ ಡಕಾರ ನಮ್ಮಲ್ಲಿಲ್ಲ.

ಸಂಖ್ಯೆಗಳಿಗೆ ಸಮಯ ಕೊಡಿ. ಕನ್ನಡದಲ್ಲಿ ಎಪ್ಪತ್ತೊಂಬತ್ತು ಎಂದರೆ ಎಪ್ಪತ್ತು ಮತ್ತು ಒಂಬತ್ತು. ಹಿಂದಿಯಲ್ಲಿ 59 ಉನಸಠ್, 69 ಉನಹತ್ತರ್, 79 ಉನ್ಯಾಸೀ, ಆದರೆ 89 ನವಾಸೀ. ನೂರರವರೆಗೆ ಒಂದೊಂದನ್ನೂ ಬೇರೆಬೇರೆ ಕಲಿಯಬೇಕು. ಗಂಜಿನ ಹುಡುಗನಿಗೆ ನಾನು ಮೊದಲ ತಿಂಗಳು ಬರೀ ಸಂಖ್ಯೆ ಕಲಿಸಿದೆ. ಸವಾ (ಕಾಲು ಹೆಚ್ಚು) ಅವನಿಗೆ ಗೊತ್ತಿತ್ತು, ನಮ್ಮ ದೀಡ (ಒಂದೂವರೆ) ಅಲ್ಲಿ ಡೇಢ್ ಆಗುತ್ತದೆ. ಢಾಯೀ (ಎರಡೂವರೆ), ಸಾಢೇ (ಅರ್ಧ ಹೆಚ್ಚು), ಪೌನೇ (ಕಾಲು ಕಡಿಮೆ) ಸೇರಿಸಿದೆವು. ಈಗ ದರ ಅವನೇ ಹೇಳುತ್ತಾನೆ.

ಸಂಸ್ಕೃತದ ಶಬ್ದ ಕಂಡ ಕೂಡಲೇ ನಮ್ಮದೇ ಎಂದು ನಂಬಬೇಡಿ. ಹಿಂದಿಯಲ್ಲಿ ಉಪನ್ಯಾಸ ಎಂದರೆ ಕಾದಂಬರಿ, ಅವಕಾಶ ಎಂದರೆ ರಜೆ, ಸಂಸಾರ ಎಂದರೆ ಜಗತ್ತು, ಶಿಕ್ಷಾ ಎಂದರೆ ವಿದ್ಯೆ, ಅನುಮಾನ ಎಂದರೆ ಅಂದಾಜು, ಚೇಷ್ಟಾ ಎಂದರೆ ಪ್ರಯತ್ನ. ಫಾರಸಿಯಿಂದ ಬಂದ ರಾಜೀನಾಮೆಯೂ ಹಾಗೆಯೇ: ಅಲ್ಲಿ ಅದು ಒಪ್ಪಂದದ ಪತ್ರ, ನೌಕರಿ ಬಿಡುವುದಕ್ಕೆ ಇಸ್ತೀಫ಼ಾ ಅನ್ನಬೇಕು.

ಗೌರವದಲ್ಲಿ ಮಾತ್ರ ನಮಗೆ ಕಷ್ಟವಿಲ್ಲ. ನಾವು 'ರಿ' ಹಚ್ಚುವ ಕಡೆಯೆಲ್ಲ ಆಪ್ ಮತ್ತು 'ಜೀ' ಇಟ್ಟರೆ ಸಾಕು.

ಯಾರಿಗೆ ಯಾವುದು

ಬೀದರ್ ಜಿಲ್ಲೆಯ ಔರಾದ, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ ಬಲ್ಲ ಕನ್ನಡಿಗರು ಬಹಳ. ಅವರಿಗೆ ದೇವನಾಗರಿ ಬರುತ್ತದೆ, ವಸ್ತುಗಳಿಗೆ ಲಿಂಗ ಇರುವುದು ಗೊತ್ತು, ಮರಾಠಿಯಲ್ಲೂ 'ನೇ' ಇದೆ. ಅವರು ನೇರವಾಗಿ ಪುಸ್ತಕದ ಹಿಂದಿಗೆ ಹೋಗಲಿ, ಬೇಗ ತಲುಪುತ್ತಾರೆ. ಬೀದರ್ ಪಟ್ಟಣದವರಿಗೆ ಇನ್ನೊಂದು ಅನುಕೂಲವಿದೆ: ಗುರುನಾನಕ್ ಝೀರಾಕ್ಕೆ ಉತ್ತರದಿಂದ ಬರುವ ಯಾತ್ರಿಕರು. ದಾರಿ ಹೇಳುತ್ತ ನಾಲ್ಕು ಮಾತಾಡಿದರೆ ಅದೇ ಅಭ್ಯಾಸ.

ಯಾದಗಿರಿಯಿಂದ ಹೈದರಾಬಾದಿಗೆ ಕೆಲಸಕ್ಕೆ ಹೋಗುವವರಿಗೆ ಪರೀಕ್ಷೆಯ ಹಿಂದಿ ಬೇಡ. ದಖನಿ ಸಾಕು, ಉಳಿದ ಸಮಯವನ್ನು ತೆಲುಗಿಗೆ ಕೊಡಿ. ಲಿಪಿ ಅರ್ಧ ನಮ್ಮದೇ, ಕುಟುಂಬವೂ ನಮ್ಮದೇ. ಪುಣೆ, ಮುಂಬೈಗೆ ಹೋಗುವವರು ಹಿಂದಿಯ ಜೊತೆ ಮರಾಠಿಯ ನೂರು ವಾಕ್ಯ ಕಲಿತರೆ ಬಾಡಿಗೆ ಮನೆ ಬೇಗ ಸಿಗುತ್ತದೆ. ಸೇಡಂ, ವಾಡಿ, ಶಹಾಬಾದಿನ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ಉತ್ತರದವರ ಜೊತೆ ದುಡಿಯುವವರು ಕ್ಲಾಸಿಗೆ ಹೋಗುವುದೇ ಬೇಡ. ಚಹಾದ ಹೊತ್ತಿನಲ್ಲಿ ಹಿಂದಿ ಕಲಿಯಿರಿ, ಅವರಿಗೆ ಕನ್ನಡ ಕಲಿಸಿರಿ. ಅವರಿಗೂ ಇಲ್ಲಿಯ ಸಂತೆ, ದವಾಖಾನೆಗೆ ನಮ್ಮ ಮಾತು ಬೇಕು.

ತಾಂಡಾದಿಂದ ಬರುವ ಲಂಬಾಣಿ ಮಕ್ಕಳ ಬಗ್ಗೆ ಬೇರೆಯಾಗಿ ಹೇಳಬೇಕು. ನನ್ನ ಪಡಸಾಲೆಯಲ್ಲಿ ಎಲ್ಲರಿಗಿಂತ ಬೇಗ ಹಿಂದಿ ಹಿಡಿಯುವವರು ಅವರು, ಏಕೆಂದರೆ ಅವರ ಮನೆಮಾತು ಹಿಂದಿಯ ಹಾಗೆ ಇಂಡೋ-ಆರ್ಯನ್ ಕುಟುಂಬದ್ದು. ಆದರೆ "ನಮ್ದು ಭಾಷಾ ಅಲ್ರಿ, ಬರೀ ಮಾತು" ಎಂದು ತಲೆ ತಗ್ಗಿಸುತ್ತಾರೆ. 2011ರ ಜನಗಣತಿಯಲ್ಲಿ ಹಿಂದಿಯವರು 52 ಕೋಟಿ 83 ಲಕ್ಷ ಎಂದು ಇದೆ. ಅದರಲ್ಲಿ ಹಿಂದಿ ಎಂದೇ ಮನೆಮಾತು ಬರೆಸಿದವರು 32 ಕೋಟಿ 22 ಲಕ್ಷ. ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸ್‌ಗಢಿ, ಮಗಹಿ ಆಡುವವರು. ಅದೇ ಪಟ್ಟಿಯೊಳಗೆ ಲಮಾಣಿ ಎಂದು ಬರೆಸಿದ 32 ಲಕ್ಷಕ್ಕೂ ಹೆಚ್ಚು ಜನರೂ ಇದ್ದಾರೆ. ಈ ಲೆಕ್ಕವನ್ನು ನಾನು ಆ ಮಕ್ಕಳಿಗೆ ತೋರಿಸುತ್ತೇನೆ. ಮೊದಲ ಪಾಠವಾಗಿ ಅವರಿಂದಲೇ ಹತ್ತು ಲಂಬಾಣಿ ವಾಕ್ಯ ಎಲ್ಲರಿಗೂ ಹೇಳಿಸುತ್ತೇನೆ.

"ರಾಷ್ಟ್ರಭಾಷೆ ಬರಲ್ವಾ?" ಎಂದು ಯಾರಾದರೂ ಚುಚ್ಚಿದ್ದಕ್ಕೆ ನಾಚಿಕೊಂಡು ಕಲಿಯಲು ಬರುವವರೂ ಇದ್ದಾರೆ. ಸಂವಿಧಾನದ 343ನೆಯ ವಿಧಿಯ ಪ್ರಕಾರ ದೇವನಾಗರಿ ಲಿಪಿಯ ಹಿಂದಿ ಕೇಂದ್ರ ಸರ್ಕಾರದ ಆಡಳಿತ ಭಾಷೆ. ಯಾವ ಭಾಷೆಯನ್ನೂ ಸಂವಿಧಾನ ರಾಷ್ಟ್ರಭಾಷೆ ಎಂದು ಕರೆದಿಲ್ಲ. ಎಂಟನೆಯ ಅನುಸೂಚಿಯಲ್ಲಿ ಮೊದಲು 14 ಭಾಷೆಗಳಿದ್ದವು. 1967ರಲ್ಲಿ ಸಿಂಧಿ, 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ, 2003ರಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿ 22 ಆದವು. ಕನ್ನಡವೂ ಹಿಂದಿಯೂ ಅದರಲ್ಲಿ ಒಂದೇ ಸಾಲಿನಲ್ಲಿವೆ. ಇದನ್ನು ತಿಳಿದ ಮೇಲೆ ಮಕ್ಕಳ ಕುತ್ತಿಗೆ ನೇರವಾಗುತ್ತದೆ, ತಪ್ಪು ಮಾಡುವ ಭಯವೂ ಹೋಗುತ್ತದೆ. ಭಯದಲ್ಲಿ ಕಲಿತ ಭಾಷೆ ಗಂಟಲಲ್ಲೇ ಉಳಿಯುವುದನ್ನು ನಾನು ಭೋಪಾಲದಲ್ಲಿ ಕಂಡವಳು.

ಇನ್ನೂ ಯಾವುದೆಂದು ತಿಳಿಯದಿದ್ದರೆ ಒಂದು ತಿಂಗಳು ಹೀಗೆ ಮಾಡಿ. ಮೊದಲ ವಾರ ಮನೆಮಾತಿನ ನೂರು ಶಬ್ದಗಳ ಪಟ್ಟಿ, ದೇವನಾಗರಿಯ ಸ್ವರಗಳು. ಎರಡನೆಯ ವಾರದಿಂದ ದಿನಕ್ಕೆ ಹದಿನೈದು ನಿಮಿಷ ಒಬ್ಬರೊಡನೆ ಮಾತು, ಹಿಂದಿನ ದಿನ ಏನು ಮಾಡಿದಿರಿ ಎಂಬುದಷ್ಟೇ ವಿಷಯ. ಓಣಿಯ ಚಾಚಾ ಇರಲಿ, ಹಣ್ಣಿನ ಗಾಡಿಯವರಿರಲಿ, ಜೊತೆ ದುಡಿಯುವ ಬಿಹಾರದ ಹುಡುಗನಿರಲಿ. ಮೂರನೆಯ ವಾರ ಒಂದರಿಂದ ನಲವತ್ತರವರೆಗೆ ಸಂಖ್ಯೆ, ರೇಡಿಯೊ ವಾರ್ತೆ. ನಾಲ್ಕನೆಯ ವಾರ ನೀವು ಹೇಳಿದ ಒಂದು ಕತೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿ, 'ನೇ' ಬರಬೇಕಾದಲ್ಲಿ ಬಂದಿದೆಯೇ, ಕ್ರಿಯಾಪದದ ಲಿಂಗ ಸರಿಯಿದೆಯೇ ಎಂದು ಪುಸ್ತಕ ಎದುರಿಟ್ಟುಕೊಂಡು ಕೇಳಿ. ಪುಣೆಗೆ ಹೊರಟ ನರ್ಸಿಂಗ್ ಹುಡುಗಿಯ ಹೀಗೆ ಮುದ್ರಿಸಿದ ಕತೆ ನನ್ನ ಫೋನಿನಲ್ಲಿದೆ. ಮೂರು ನಿಮಿಷದ ಕತೆಯಲ್ಲಿ ಹನ್ನೊಂದು ತಪ್ಪು. ಅವಳು ಹೋದ ವಾರ ವಾರ್ಡಿನಿಂದ ಫೋನ್ ಮಾಡಿದಾಗ, ಹಿಂದಿನಿಂದ ರೋಗಿಯ ಅಜ್ಜಿಯೊಬ್ಬರು "ಬೇಟೀ" ಎಂದು ಕರೆದರು. "ಆಯೀ ದಾದೀ, ಏಕ್ ಮಿನಿಟ್" ಎಂದವಳೇ ನನಗೆ ಆಮೇಲೆ ಮಾಡ್ತೀನ್ರಿ ಎಂದು ಫೋನಿಟ್ಟಳು.